ರಾಜಮನೆತನದ ಮಹಾಪೋಷಕರನ್ನು ಕಂಡ ನೆನಪುಗಳು: ಬ್ರಿಟನ್ನಿನಲ್ಲಿ ಯುವಜನರ ಜೊತೆ ಕೆಲಸ ಮಾಡಿದವರು ಬರೆಯಿರಿ

ಬೆಟ್ಟದ ದಾರಿ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಕಡೆ ನೆಲೆಸಿರುವ ನಮ್ಮವರಲ್ಲಿ ಎಷ್ಟೋ ಜನ ಹುಡುಗ ಹುಡುಗಿಯರ ಸೇವಾ ಸಂಸ್ಥೆಗಳಲ್ಲಿ ಸಂಬಳವಿಲ್ಲದೆ ದುಡಿಯುತ್ತಿದ್ದೀರಿ. ಇಂಥ ಸಂಸ್ಥೆಗಳಿಗೆ ಇಲ್ಲಿ ರಾಜಮನೆತನದ ಒಬ್ಬರು ಮಹಾಪೋಷಕರಾಗಿ ಇರುವುದು ಸಾಮಾನ್ಯ. ಅವರನ್ನು ಎದುರಿಗೆ ಕಂಡವರು, ಮಾತಾಡಿದವರು ತಮ್ಮ ನೆನಪನ್ನು ಈ ಚರ್ಚಾವೇದಿಕೆಯಲ್ಲಿ, ನನ್ನ ‘ಬೆಟ್ಟದ ದಾರಿ’ಯ ಹಾಗೆ ನಿಮ್ಮ ಅಡ್ಡಹೆಸರಿನಲ್ಲೇ ಬರೆಯಿರಿ. ಮೊದಲು ನನ್ನದು ಹೇಳುತ್ತೇನೆ.

ನಾನು ಉತ್ತರ ಇಂಗ್ಲೆಂಡಿನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಶಾಲೆ ಬಿಟ್ಟ ಮೇಲೆ ಡಿ-ಆಫ್-ಇ ಗುಂಪು ನಡೆಸುತ್ತೇನೆ. ಡ್ಯೂಕ್ ಆಫ್ ಎಡಿನ್‌ಬರೊ ಅವಾರ್ಡ್ ಅನ್ನುವುದು ಅದರ ಪೂರ್ತಿ ಹೆಸರು. ರಾಣಿ ಎಲಿಜಬೆತ್ ಅವರ ಪತಿ ಪ್ರಿನ್ಸ್ ಫಿಲಿಪ್ ಇದನ್ನು 1956ರಲ್ಲಿ ಶುರು ಮಾಡಿದರು. ಅವರು ಓದಿದ ಗಾರ್ಡನ್‌ಸ್ಟನ್ ಶಾಲೆ ಕಟ್ಟಿದ ಕರ್ಟ್ ಹಾನ್ ಅವರ ಯೋಚನೆಗಳೇ ಇದಕ್ಕೆ ಬುನಾದಿ. ಮೊದಲು ನಡೆಸಿಕೊಟ್ಟವರು ಜಾನ್ ಹಂಟ್, 1953ರಲ್ಲಿ ಎವರೆಸ್ಟ್ ಗೆದ್ದ ತಂಡದ ನಾಯಕರು. ಆರಂಭದಲ್ಲಿ ಹುಡುಗರಿಗೆ ಮಾತ್ರ ಇತ್ತು. 1958ರಲ್ಲಿ ಹುಡುಗಿಯರಿಗೂ ಬಂತು. ಕಂಚು, ಬೆಳ್ಳಿ, ಚಿನ್ನ ಅಂತ ಮೂರು ಹಂತ. ಸೇವೆ, ವ್ಯಾಯಾಮ, ಒಂದು ಕಲೆ ಅಥವಾ ಕಸುಬು, ಆಮೇಲೆ ಬೆಟ್ಟ ಕಾಡುಗಳಲ್ಲಿ ನಡಿಗೆ, ಎಲ್ಲವೂ ಆಗಬೇಕು. ಚಿನ್ನಕ್ಕೆ ಹೋದವರು ಗುರುತಿಲ್ಲದ ಜನರ ಜೊತೆ ಐದು ದಿನ ಇದ್ದು ಬರಬೇಕು. ಯಾರ ಜೊತೆಗೂ ಸ್ಪರ್ಧೆ ಇಲ್ಲ. ಹಿಡಿದದ್ದನ್ನು ಮುಗಿಸಿದರೆ ಅವಾರ್ಡ್ ಸಿಕ್ಕಿತು, ಅಷ್ಟೇ.

ನಮ್ಮ ಗುಂಪಿನಲ್ಲಿ ಒಬ್ಬ ಹುಡುಗಿ ಇದ್ದಳು. ತಾಯಿಗೆ ಕಾಯಿಲೆ. ಬೆಳಿಗ್ಗೆ ತಮ್ಮನನ್ನು ಎಬ್ಬಿಸಿ, ತಿಂಡಿ ಕೊಟ್ಟು, ಶಾಲೆಗೆ ಬಿಟ್ಟು ತಾನು ಬರುತ್ತಿದ್ದಳು. ಅದರ ನಡುವೆಯೂ ವಾರಕ್ಕೊಮ್ಮೆ ವೃದ್ಧಾಶ್ರಮಕ್ಕೆ ಹೋಗಿ ಅಜ್ಜಿಯರಿಗೆ ಪೇಪರ್ ಓದಿ ಹೇಳುತ್ತಿದ್ದಳು. ಚಿನ್ನದ ಹಂತಕ್ಕೆ ಸೇವೆ ಒಂದು ವರ್ಷ ಬಿಡದೆ ನಡೆಯಬೇಕು. ಅವಳು ವರ್ಷ ಮುಗಿದ ಮೇಲೂ ಹೋಗುತ್ತಲೇ ಇದ್ದಳು. ಶಾಲೆಯಲ್ಲಿ ಯಾರಿಗೂ ಹೇಳಿಕೊಂಡವಳಲ್ಲ. ಅವಳ ತರಗತಿಯ ಟೀಚರಿಗೂ ಗೊತ್ತಿರಲಿಲ್ಲ.

ಚಿನ್ನದ ಪ್ರಮಾಣಪತ್ರ ಕೊಟ್ಟದ್ದು ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆಯಲ್ಲಿ. ದೊಡ್ಡ ದೊಡ್ಡ ಕೋಣೆಗಳು, ಗೋಡೆ ತುಂಬ ಹಳೇ ಚಿತ್ರಗಳು. ಬೇರೆ ಬೇರೆ ಊರಿನ ಮಕ್ಕಳನ್ನು ಗುಂಪು ಗುಂಪಾಗಿ ನಿಲ್ಲಿಸಿದ್ದರು. ಪ್ರಿನ್ಸ್ ಫಿಲಿಪ್ ಬಂದರು. ಆಗಲೇ ಅವರಿಗೆ ತೊಂಬತ್ತು ದಾಟಿತ್ತು. ನೆಟ್ಟಗೆ ನಡೆದು ಬಂದು ಒಂದೊಂದೇ ಗುಂಪಿನ ಹತ್ತಿರ ನಿಂತರು. ನಮ್ಮ ಕಡೆ, ಅಂದರೆ ಟೀಚರುಗಳ ಕಡೆ, ಸುಮ್ನೆ ತಲೆ ಆಡಿಸಿದರು. ಮಾತೆಲ್ಲ ಮಕ್ಕಳ ಜೊತೆ. ಎಲ್ಲಿ ನಡೆದಿರಿ, ಅಡುಗೆ ಯಾರು ಮಾಡಿದಿರಿ ಅಂತ ಕೇಳಿದರು. ಈ ಹುಡುಗಿ ಅಡುಗೆ ತಾನೇ ಮಾಡಿದ್ದು ಅಂದಳು. ಆಮೇಲೆ ವೃದ್ಧಾಶ್ರಮದ ಮಾತು ಬಂತು. ಒಂದು ನಿಮಿಷ ಆಗಿತ್ತೋ ಇಲ್ಲವೋ, ಅವರು ಮುಂದಿನ ಗುಂಪಿಗೆ ಹೋದರು.

ಆ ಒಂದು ನಿಮಿಷದಲ್ಲಿ ಅವಳು ನಿಂತ ರೀತಿ ನನಗೆ ಇವತ್ತಿಗೂ ಮರೆತಿಲ್ಲ. ತಾನು ಮಾಡಿದ್ದನ್ನು ಜೋರಾಗಿ, ತಡವರಿಸದೆ, ಪೂರ್ತಿ ವಾಕ್ಯಗಳಲ್ಲಿ ಹೇಳಿದಳು. ಹಿಂದೆ ಕುರ್ಚಿಯಲ್ಲಿ ಅವಳ ತಾಯಿ ಕೂತಿದ್ದರು. ಮಗಳು ವಾರವಾರ ಎಲ್ಲಿಗೆ ಹೋಗುತ್ತಾಳೆ ಅಂತ ತಾಯಿಗೆ ಗೊತ್ತಿತ್ತು, ಆದರೆ ಅಲ್ಲಿ ಏನು ಮಾಡುತ್ತಾಳೆ ಅಂತ ಕೇಳಿದ್ದು ಅವತ್ತೇ ಮೊದಲು. ರಾಜಮನೆತನದವರು ಬರುವುದರಿಂದ ಏನು ಪ್ರಯೋಜನ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಯಾರ ಕಣ್ಣಿಗೂ ಬೀಳದ ಕೆಲಸವನ್ನು ಎಲ್ಲರಿಗೂ ಗೊತ್ತಿರುವ ಒಬ್ಬರು ಬಂದು ಕೇಳಿ ತಿಳಿದುಕೊಂಡರು. ಆ ಮಗುವಿಗೆ ಅದು ಬೇಕಿತ್ತು.

ಈಗ ನಿಮ್ಮ ಸರದಿ.

ಒದ್ದೆ ಬೂಟು

ಮೇಡಂ, ಓದಿ ತುಂಬ ಸಂತೋಷವಾಯಿತು. ನಾನು ಅವಾರ್ಡ್ ತೆಗೆದುಕೊಂಡ ಮಕ್ಕಳ ಕಡೆ ನಿಂತವನು. ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಕೆಲಸದಿಂದಾಗಿ ಈ ದೇಶಕ್ಕೆ ಬಂದೆ. ಇಂಗ್ಲಿಷ್ ಬರುತ್ತಿತ್ತು, ಆದರೆ ಇಲ್ಲಿಯವರು ಮಾತಾಡುವ ವೇಗಕ್ಕೆ ಕಿವಿ ಒಗ್ಗಿರಲಿಲ್ಲ. ಗೆಳೆಯರು ಇರಲಿಲ್ಲ. ಡಿ-ಆಫ್-ಇ ಸೇರಿದ್ದಕ್ಕೆ ಅದೇ ಕಾರಣ.

ಚಿನ್ನದ ನಡಿಗೆ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ, ಅಂದರೆ ವಾಯವ್ಯ ಇಂಗ್ಲೆಂಡಿನ ಬೆಟ್ಟ ಕೆರೆಗಳ ಸೀಮೆಯಲ್ಲಿ. ನಾಲ್ಕು ಹಗಲು, ಮೂರು ರಾತ್ರಿ. ಒಂದು ತಂಡದಲ್ಲಿ ನಾಲ್ಕರಿಂದ ಏಳು ಜನ ಇರಬೇಕು ಅನ್ನುವುದು ನಿಯಮ. ಡೇರೆ, ಅಡುಗೆ ಸಾಮಾನು, ಊಟ ಎಲ್ಲ ಬೆನ್ನ ಮೇಲೆ. ದೊಡ್ಡವರು ಜೊತೆಗೆ ನಡೆಯುವುದಿಲ್ಲ. ದೂರದಿಂದ ಕಣ್ಣಿಟ್ಟಿರುತ್ತಾರೆ, ಗೊತ್ತು ಮಾಡಿದ ಜಾಗದಲ್ಲಿ ಸಿಗುತ್ತಾರೆ. ದಾರಿ ಹುಡುಕುವುದು ನಕ್ಷೆ, ದಿಕ್ಸೂಚಿ ಹಿಡಿದು. ಮೊಬೈಲು ಚೀಲದ ತಳದಲ್ಲಿ, ಅಪಾಯ ಬಂದರೆ ಮಾತ್ರ ತೆಗೆಯಬೇಕು.

ನಾವು ಲ್ಯಾಂಗ್‌ಡೇಲ್ ಕಣಿವೆಯಿಂದ ಹತ್ತಿ ಎಸ್ಕ್ ಹಾಸ್ ಅನ್ನುವ ಬೆಟ್ಟದ ಮೇಲಿನ ದಾರಿ ದಾಟಿ ಸ್ಟೈಹೆಡ್ ಕೆರೆಯ ಕಡೆ ಇಳಿಯಬೇಕಿತ್ತು. ಆ ಕೆರೆಯ ಕೆಳಗೇ ಸೀತ್‌ವೇಟ್ ಅನ್ನುವ ಹಳ್ಳಿ ಇದೆ. ಜನವಸತಿ ಇರುವ ಜಾಗಗಳಲ್ಲಿ ಇಂಗ್ಲೆಂಡಿಗೇ ಅತಿ ಹೆಚ್ಚು ಮಳೆ ಬೀಳುವುದು ಅಲ್ಲಿ, ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ. ಅವತ್ತೂ ಬಿತ್ತು. ಮೇಲೆ ಮಂಜು ಮುಚ್ಚಿತು. ಹತ್ತು ಹೆಜ್ಜೆ ಮುಂದಿನ ಕಲ್ಲು ಕಾಣುತ್ತಿರಲಿಲ್ಲ. ಎಸ್ಕ್ ಹಾಸ್ ಹತ್ತಿರ ದಾರಿಗಳು ನಾಲ್ಕೂ ಕಡೆ ಒಡೆಯುತ್ತವೆ. ತಪ್ಪಿದರೆ ಬೇರೆಯೇ ಕಣಿವೆಗೆ ಇಳಿಯುತ್ತೀರಿ. ತಂಡದಲ್ಲಿ ಜಗಳ ಶುರುವಾಯಿತು. ಎಡಕ್ಕೆ ಅಂತ ಇಬ್ಬರು, ಬಲಕ್ಕೆ ಅಂತ ಇಬ್ಬರು. ದಿಕ್ಸೂಚಿ ಓದುವುದನ್ನು ನಾನು ಚೆನ್ನಾಗಿ ಕಲಿತಿದ್ದೆ. ಅಲ್ಲಿಯವರೆಗೂ ತಂಡದಲ್ಲಿ ಬಾಯಿ ಬಿಟ್ಟವನಲ್ಲ. ಅವತ್ತು ಮಾತಾಡಿದೆ. ಕಲ್ಲಿನ ಮೇಲೆ ನಕ್ಷೆ ಹಾಸಿ, ಕೋನ ಅಳೆದು, ಹೆಜ್ಜೆ ಎಣಿಸುತ್ತಾ ಹೋದೆವು. ಸುಮಾರು ಹೊತ್ತಿನ ಮೇಲೆ ಮಂಜಿನೊಳಗಿಂದ ಕೆರೆಯ ಅಂಚು ಕಾಣಿಸಿತು. ಅವತ್ತು ರಾತ್ರಿ ಸ್ಪಿರಿಟ್ ಒಲೆಯ ಮೇಲೆ ಬೇಯಿಸಿ ತಿಂದ ಪಾಸ್ತಾ ಅರ್ಧ ಹಸಿ ಇತ್ತು. ಎಲ್ಲರೂ ತಟ್ಟೆ ಕೆರೆದು ತಿಂದೆವು.

ಪ್ರಮಾಣಪತ್ರ ಸಿಕ್ಕಿದ್ದು ಬಕಿಂಗ್‌ಹ್ಯಾಮ್ ಅರಮನೆಯ ತೋಟದಲ್ಲಿ. ಹುಲ್ಲಿನ ಮೇಲೆ ಎಲ್ಲಿ ನೋಡಿದರೂ ನನ್ನ ವಯಸ್ಸಿನವರು. ಪ್ರಿನ್ಸ್ ಎಡ್ವರ್ಡ್ ಬಂದರು. ಅವರು ಫಿಲಿಪ್ ಅವರ ಕೊನೆಯ ಮಗ, 2023ರ ಮಾರ್ಚ್‌ನಲ್ಲಿ ಅಪ್ಪನ ಡ್ಯೂಕ್ ಪದವಿಯೂ ಅವರಿಗೇ ಬಂತು. ಚಿಕ್ಕಂದಿನಲ್ಲಿ ಅವರೂ ಚಿನ್ನದ ಅವಾರ್ಡ್ ಮುಗಿಸಿದವರು. ಅದು ಮಾತಿನಲ್ಲಿ ಗೊತ್ತಾಗುತ್ತಿತ್ತು. ನಡಿಗೆ ಹೇಗಿತ್ತು ಅಂತ ಕೇಳಿದಾಗ ಮಳೆಯ ವಿಷಯ ಹೇಳಿದೆ. ಒದ್ದೆ ಡೇರೆ ಹೊತ್ತವರಿಗೆ ಮಾತ್ರ ಬರುವ ನಗು ಅವರ ಮುಖದಲ್ಲಿ ಬಂತು. ನನ್ನ ಜೊತೆ ನಾಲ್ಕು ಮಾತಾಡಿ ಪಕ್ಕದವಳ ಕಡೆ ತಿರುಗಿದರು.

ನಿಜ ಹೇಳುತ್ತೇನೆ, ನನಗೆ ಜಾಸ್ತಿ ನೆನಪಿರುವುದು ಎಸ್ಕ್ ಹಾಸ್. ಆದರೆ ಆ ತೋಟಕ್ಕೆ ಹೋಗಿರದಿದ್ದರೆ ನನ್ನ ಅಪ್ಪ ಅಮ್ಮ ಈ ಕಥೆಯನ್ನು ಇಷ್ಟು ಗಮನ ಕೊಟ್ಟು ಕೇಳುತ್ತಿರಲಿಲ್ಲ. ಊರಿನಿಂದ ಫೋನ್ ಮಾಡಿದವರೆಲ್ಲ ಅರಮನೆ ಹೇಗಿತ್ತು ಅಂತ ಕೇಳುತ್ತಿದ್ದರು. ನಾನು ಬೆಟ್ಟದಿಂದ ಶುರು ಮಾಡುತ್ತಿದ್ದೆ.

ಲೆಕ್ಕಪತ್ರ

ಇಬ್ಬರ ನೆನಪೂ ಚೆನ್ನಾಗಿದೆ. ಆದರೆ ಇನ್ನೊಂದು ಮುಖವೂ ಇಲ್ಲಿ ಇರಲಿ ಅಂತ ಬರೆಯುತ್ತಿದ್ದೇನೆ. ನಾನು ಲೆಕ್ಕ ಪರಿಶೋಧಕ. ಒಂದು ಸಣ್ಣ ಯುವಜನ ಸಂಸ್ಥೆಯಲ್ಲಿ ಟ್ರಸ್ಟಿಯಾಗಿದ್ದೆ. ಹೆಸರು ಬೇಡ.

ಒಮ್ಮೆ ರಾಜಮನೆತನದ ಒಬ್ಬರು ಬರುತ್ತಾರೆ ಅಂತ ಸುದ್ದಿ ಬಂತು. ಅಲ್ಲಿಂದ ವಾರಗಟ್ಟಲೆ ಬೇರೆ ಕೆಲಸವೇ ನಡೆಯಲಿಲ್ಲ. ಗೋಡೆಗೆ ಬಣ್ಣ, ಹೊಸ ಪರದೆ, ಅತಿಥಿಗಳ ಪಟ್ಟಿ. ಮಕ್ಕಳಿಗೆ ಏನು ಹೇಳಬೇಕು ಅಂತ ಬಾಯಿಪಾಠ. ಇಷ್ಟನ್ನು ಸಹಿಸಬಹುದಿತ್ತು. ಆದರೆ ಸಂಜೆ ಹೊತ್ತು ಬಂದು ಗಲಾಟೆ ಮಾಡುವ ನಾಲ್ಕೈದು ಹುಡುಗರಿದ್ದರು. ಅವತ್ತು ಬರಬೇಡಿ ಅಂತ ಅವರಿಗೆ ಹೇಳಿದರು. ಆ ಹುಡುಗರಿಗೋಸ್ಕರವೇ ಸಂಸ್ಥೆ ಹುಟ್ಟಿದ್ದು! ನಾನು ಸಭೆಯಲ್ಲಿ ಆಕ್ಷೇಪ ಎತ್ತಿದೆ. ಬಹುಮತ ನನ್ನ ಕಡೆ ಇರಲಿಲ್ಲ. ಬಂದವರು ಒಳ್ಳೆಯವರೇ, ನಗುತ್ತಾ ಮಾತಾಡಿದರು. ಅವರಿಗೆ ಈ ವಿಷಯ ಗೊತ್ತಿರಲು ಸಾಧ್ಯವೇ ಇಲ್ಲ. ಆ ಹುಡುಗರಲ್ಲಿ ಇಬ್ಬರು ಆಮೇಲೆ ನಮ್ಮ ಬಾಗಿಲು ತುಳಿಯಲೇ ಇಲ್ಲ.

ದುಡ್ಡಿನ ಮಾತಿಗೆ ಬರೋಣ. ಮಹಾಪೋಷಕರ ಹೆಸರಿದ್ದರೆ ದೇಣಿಗೆ ಜಾಸ್ತಿ ಬರುತ್ತದೆ ಅನ್ನುವುದು ಎಲ್ಲರ ನಂಬಿಕೆ ಅಲ್ವಾ? 2020ರಲ್ಲಿ ಗಿವಿಂಗ್ ಎವಿಡೆನ್ಸ್ ಅನ್ನುವ ಸಂಸ್ಥೆ ಬ್ರಿಟನ್ನಿನ ಸೇವಾ ಸಂಸ್ಥೆಗಳ ಲೆಕ್ಕ ತೆಗೆದು ನೋಡಿತು. ರಾಜಮನೆತನದ ಹೆಸರಿನಿಂದ ಆದಾಯ ಹೆಚ್ಚಿದ್ದಕ್ಕೆ ಆಧಾರ ಸಿಗಲಿಲ್ಲ. ಇನ್ನೊಂದು ಅಂಕಿ ನೋಡಿ. ಹಾಗೆ ಹೆಸರು ಪಡೆದ ಸಂಸ್ಥೆಗಳಲ್ಲಿ ಶೇಕಡಾ 74ರಷ್ಟಕ್ಕೆ ಅದರ ಹಿಂದಿನ ವರ್ಷ ಮಹಾಪೋಷಕರ ಒಂದು ಸಾರ್ವಜನಿಕ ಭೇಟಿಯೂ ಆಗಿರಲಿಲ್ಲ. ಲೆಟರ್‌ಹೆಡ್ಡಿನಲ್ಲಿ ಹೆಸರು ಇದೆ, ಮನುಷ್ಯರು ಬಂದಿಲ್ಲ.

ಮೇಡಂ ಹೇಳಿದ ಹುಡುಗಿಗೆ ಸಿಕ್ಕಿದ್ದು ದೊಡ್ಡದೇ. ಅದೇ ಮೆಚ್ಚುಗೆ ಹತ್ತಿರದವರಿಂದ, ಶಾಲೆಯಿಂದ ಮೊದಲೇ ಸಿಗಬೇಕಿತ್ತು ಅನ್ನುವುದು ನನ್ನ ಮಾತು.

ಬೆಟ್ಟದ ದಾರಿ

ಲೆಕ್ಕಪತ್ರ ಸರ್, ಆ ಹುಡುಗರನ್ನು ಮನೆಯಲ್ಲಿರಿ ಅಂದದ್ದು ಓದಿ ಹೊಟ್ಟೆ ಉರಿಯಿತು. ನಾನು ಅಲ್ಲಿ ಇದ್ದಿದ್ದರೆ ನಿಮ್ಮ ಕಡೆಯೇ ಕೈ ಎತ್ತುತ್ತಿದ್ದೆ. ಶಾಲೆಯಿಂದ ಮೊದಲೇ ಮೆಚ್ಚುಗೆ ಸಿಗಬೇಕಿತ್ತು ಅನ್ನುವುದನ್ನೂ ಪೂರ್ತಿ ಒಪ್ಪುತ್ತೇನೆ. ಈಗ ನಮ್ಮಲ್ಲಿ ಪ್ರತಿ ಟರ್ಮ್ ಕೊನೆಗೆ ಮಕ್ಕಳ ಸೇವೆಯ ಬಗ್ಗೆ ಇಡೀ ಶಾಲೆಯ ಮುಂದೆ ಹೇಳುತ್ತೇವೆ.

ಆದರೆ ಒಂದು ವ್ಯತ್ಯಾಸ ಇದೆ. ಹೆಸರು ಮಾತ್ರ ಕೊಟ್ಟವರು ಬೇರೆ, ತಾವೇ ಕಟ್ಟಿ ಬೆಳೆಸಿದವರು ಬೇರೆ. ನೀವು ಹೇಳಿದ ಅದೇ ಅಧ್ಯಯನದಲ್ಲಿ, ರಾಜಮನೆತನದವರು ತಾವು ಕಟ್ಟಿದ ಸಂಸ್ಥೆಗಳಿಗೇ ತುಂಬ ಜಾಸ್ತಿ ಸಮಯ ಕೊಡುತ್ತಾರೆ ಅಂತಲೂ ಇದೆ. ಡಿ-ಆಫ್-ಇ ಆ ಗುಂಪಿಗೆ ಸೇರಿದ್ದು. ಪ್ರಿನ್ಸ್ ಫಿಲಿಪ್ 2013ರಲ್ಲಿ ತಮ್ಮ 500ನೇ ಚಿನ್ನದ ಅವಾರ್ಡ್ ಸಮಾರಂಭ ನಡೆಸಿಕೊಟ್ಟರು. 2017ರ ಆಗಸ್ಟ್‌ನಲ್ಲಿ ಸಾರ್ವಜನಿಕ ಕೆಲಸ ಬಿಟ್ಟಾಗ ಅವರಿಗೆ 96 ವರ್ಷ. ಅಷ್ಟು ವರ್ಷ ಅದೇ ಪ್ರಶ್ನೆಗಳನ್ನು ಬೇಸರವಿಲ್ಲದೆ ಕೇಳುವುದು ಸುಲಭವಲ್ಲ. ತರಗತಿಯಲ್ಲಿ ನಿಲ್ಲುವ ನನಗೆ ಅದರ ಬೆಲೆ ಗೊತ್ತು.

ರಾತ್ರಿಪಾಳಿ

ನಾನು ನರ್ಸ್. ಈಗ ನಿವೃತ್ತಳು. 90ರ ದಶಕದಲ್ಲಿ ಲಂಡನ್ನಿನಲ್ಲಿ ಕೆಲಸ. ರಜೆಯ ಸಂಜೆಗಳಲ್ಲಿ ಮನೆ ಇಲ್ಲದ ಹುಡುಗ ಹುಡುಗಿಯರ ಹಾಸ್ಟೆಲಿನಲ್ಲಿ ಸಹಾಯ ಮಾಡುತ್ತಿದ್ದೆ. ಸೆಂಟರ್‌ಪಾಯಿಂಟ್ ಸಂಸ್ಥೆಯ ಹಾಸ್ಟೆಲು. 1969ರಲ್ಲಿ ಸೋಹೋದಲ್ಲಿ ಕೆನೆತ್ ಲೀಚ್ ಅನ್ನುವ ಪಾದ್ರಿ ಶುರು ಮಾಡಿದ ಸಂಸ್ಥೆ ಅದು. ರಾಜಕುಮಾರಿ ಡಯಾನಾ ಅದರ ಮಹಾಪೋಷಕಿಯಾಗಿದ್ದರು.

ಒಂದು ಸಂಜೆ ಅವರು ಬಂದರು. ಕ್ಯಾಮೆರಾ ಇಲ್ಲ, ಪತ್ರಿಕೆಯವರಿಲ್ಲ. ನಮಗೂ ಮೊದಲು ಹೇಳಿರಲಿಲ್ಲ. ನಾನು ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದೆ. ಟ್ರೇ ಹಿಡಿದು ಬಂದರೆ ಸೋಫಾದ ತುದಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಒಬ್ಬ ಹುಡುಗ. ಮಲತಂದೆ ಹೊರಗೆ ಹಾಕಿದ್ದ ಹುಡುಗ ಅವನು. ನಮ್ಮ ಹತ್ತಿರ ವಾರದಲ್ಲಿ ಎರಡು ಮಾತು ಆಡಿದರೆ ಹೆಚ್ಚು. ಅವರ ಹತ್ತಿರ ಒಂದೇ ಸಮನೆ ಮಾತಾಡುತ್ತಿದ್ದ. ಅವರು ಮಧ್ಯೆ ಬಾಯಿ ಹಾಕುತ್ತಿರಲಿಲ್ಲ. ನಾನು ಚಹಾ ಇಟ್ಟು ಹಿಂದೆ ಸರಿದೆ. ನನ್ನ ಜೊತೆ ಅವರು ಆಡಿದ್ದು ಥ್ಯಾಂಕ್ಸ್ ಒಂದೇ. ನನಗೆ ಅಷ್ಟೇ ಸಾಕಾಗಿತ್ತು, ಯಾಕಂದರೆ ಆ ಸಂಜೆ ಅವನದು.

ಕೈಗವಸು ಇಲ್ಲದೆ ಏಡ್ಸ್ ರೋಗಿಯ ಕೈ ಕುಲುಕಿದ್ದರಲ್ಲ, 1987ರ ಏಪ್ರಿಲ್‌ನಲ್ಲಿ, ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ, ಅದನ್ನು ನರ್ಸ್‌ಗಳು ಯಾರೂ ಮರೆಯುವುದಿಲ್ಲ. ಆ ಕಾಲದಲ್ಲಿ ಆಸ್ಪತ್ರೆಯ ಒಳಗೇ ಕೆಲವರು ಊಟದ ತಟ್ಟೆಯನ್ನು ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ನಾನು ಕಣ್ಣಾರೆ ಕಂಡಿದ್ದೇನೆ.

1996ರಲ್ಲಿ ಡಯಾನಾ ಸುಮಾರು ನೂರು ಸಂಸ್ಥೆಗಳ ಹೊಣೆ ಬಿಟ್ಟರು. ಆರನ್ನು ಮಾತ್ರ ಇಟ್ಟುಕೊಂಡರು. ಅದರಲ್ಲಿ ನಮ್ಮದೂ ಒಂದು. ಆಗ ಚಿಕ್ಕ ಹುಡುಗನಾಗಿದ್ದ ಮಗ ವಿಲಿಯಂ ಅವರನ್ನೂ ಹಾಸ್ಟೆಲ್ಲಿಗೆ ಕರೆದುಕೊಂಡು ಹೋಗಿದ್ದರು. ವಿಲಿಯಂ 2005ರಲ್ಲಿ ತಾವು ಮೊಟ್ಟಮೊದಲು ಮಹಾಪೋಷಕರಾದದ್ದು ಇದೇ ಸಂಸ್ಥೆಗೆ. 2009ರ ಡಿಸೆಂಬರಿನ ಚಳಿಯಲ್ಲಿ ಬ್ಲ್ಯಾಕ್‌ಫ್ರಯರ್ಸ್ ಸೇತುವೆ ಹತ್ತಿರ ಒಂದು ರಾತ್ರಿ ಬೀದಿಯಲ್ಲೇ ಮಲಗಿದರು. ಒಂದು ರಾತ್ರಿಯಿಂದ ಏನಾಗುತ್ತದೆ ಅಂತ ಕೇಳಿದವರಿದ್ದಾರೆ. ಸರಿಯಾದ ಪ್ರಶ್ನೆಯೇ. ಆದರೆ ಮರುದಿನ ಪತ್ರಿಕೆಗಳಲ್ಲಿ ಬೀದಿಯಲ್ಲಿ ಮಲಗುವ ಮಕ್ಕಳ ಸುದ್ದಿ ಇತ್ತು. ಅದಕ್ಕಾಗಿ ನಾವು ವರ್ಷಗಟ್ಟಲೆ ಪತ್ರ ಬರೆದರೂ ಯಾರೂ ಹಾಕಿರಲಿಲ್ಲ.

ಸೈಕಲ್ ಚಕ್ರ

ರಾತ್ರಿಪಾಳಿ ಅಕ್ಕಾ, ಕೈ ಮುಗಿದೆ. ನೀವು ಬರೆದ ಆ ಹುಡುಗನ ಚಿತ್ರ ಕಣ್ಣ ಮುಂದೆ ಬಂತು.

ನಾನು ಪ್ರಿನ್ಸಸ್ ಟ್ರಸ್ಟಿನಲ್ಲಿ ಮೆಂಟರ್ ಆಗಿದ್ದೆ. 2024ರ ಕೊನೆಯಲ್ಲಿ ಅದರ ಹೆಸರು ಕಿಂಗ್ಸ್ ಟ್ರಸ್ಟ್ ಆಯಿತು. ಇದರ ಹುಟ್ಟು ಹಲವರಿಗೆ ಗೊತ್ತಿಲ್ಲ. ಈಗಿನ ರಾಜ ಚಾರ್ಲ್ಸ್ 1976ರಲ್ಲಿ ನೌಕಾಪಡೆ ಬಿಟ್ಟಾಗ ಕೈಗೆ ಬಂದ 7,400 ಪೌಂಡ್ ಹಾಕಿ ಶುರು ಮಾಡಿದರು. ಕೆಲಸ ಇಲ್ಲದ, ಓದು ಅರ್ಧಕ್ಕೆ ನಿಂತ, ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದ ಹುಡುಗರಿಗೆ ಸಣ್ಣ ಮೊತ್ತದ ಸಹಾಯ. ನಟ ಇದ್ರಿಸ್ ಎಲ್ಬಾ ಅವರಿಗೆ ನಾಟಕ ತಂಡ ಸೇರಲು 1,500 ಪೌಂಡ್ ಕೊಟ್ಟದ್ದು ಇದೇ ಟ್ರಸ್ಟ್. ಸ್ವಂತ ಉದ್ಯೋಗ ಮಾಡುವವರಿಗೆ ಸಾಲ ಕೊಟ್ಟು, ಜೊತೆಗೆ ಒಬ್ಬ ಮೆಂಟರನ್ನು ಗೊತ್ತು ಮಾಡುತ್ತಿದ್ದರು. ನನ್ನ ಪ್ರಕಾರ ಸಾಲಕ್ಕಿಂತ ಮೆಂಟರೇ ಮುಖ್ಯ. ತಿಂಗಳಿಗೊಮ್ಮೆ ಕೂತು, ಬಿಲ್ಲು ಹೇಗೆ ಬರೆಯಬೇಕು, ದುಡ್ಡು ಕೊಡದ ಗಿರಾಕಿಗೆ ಹೇಗೆ ಫೋನ್ ಮಾಡಬೇಕು, ತೆರಿಗೆಗೆ ಅಂತ ಎಷ್ಟು ಎತ್ತಿಡಬೇಕು ಅಂತ ಹೇಳಿಕೊಡುವ ಕೆಲಸ.

ನಾನು ಮೆಂಟರ್ ಆಗಿದ್ದ ಹುಡುಗ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ಕೈಯಲ್ಲಿ ಒಳ್ಳೇ ಕಸುಬು, ಲೆಕ್ಕದಲ್ಲಿ ಸೊನ್ನೆ. ಅವನನ್ನು ಒಂದು ಸಮಾರಂಭಕ್ಕೆ ಕರೆದರು. ಆಗ ಚಾರ್ಲ್ಸ್ ಇನ್ನೂ ಯುವರಾಜರು. ಸಾಲಿನಲ್ಲಿ ಬಂದು ಇವನ ಮುಂದೆ ನಿಂತು, ನೇರ ಸೈಕಲ್ ಅಂಗಡಿಯ ವಿಷಯಕ್ಕೇ ಬಂದರು. ಹುಡುಗ ಬೆರಗಾದ. ಅವರಿಗೆ ಹೇಗೆ ಗೊತ್ತಾಯಿತು ಅಂತ ಆಮೇಲೆ ನನ್ನನ್ನು ಕೇಳಿದ. ಭೇಟಿಗೆ ಮುಂಚೆ ಪ್ರತಿಯೊಬ್ಬರ ಬಗ್ಗೆಯೂ ಒಂದು ಚೀಟಿ ಬರೆದು ಕೊಡುತ್ತಾರೆ ಅಂತ ಹೇಳಿದೆ. ಹಾಗಾದರೆ ನಾಟಕ ಅಂತ ಕೆಲವರು ಅನ್ನಬಹುದು. ನನಗೆ ಹಾಗೆ ಅನಿಸುವುದಿಲ್ಲ. ಆ ಚೀಟಿ ಬರೆಯಲು ಯಾರೋ ಒಬ್ಬರು ಇವನಿಗೆ ಫೋನ್ ಮಾಡಿ, ನೀನು ಯಾರು, ಏನು ಮಾಡುತ್ತೀಯ, ಇದು ನಿನಗೆ ಯಾಕೆ ಇಷ್ಟ ಅಂತ ಕೇಳಿದ್ದರು. ಅವನು ಅರ್ಧ ಗಂಟೆ ಮಾತಾಡಿದ್ದ. ಬರುವವರೂ ಅದನ್ನು ಓದಿಕೊಂಡು ಬಂದಿದ್ದರು. ಎಷ್ಟೋ ಅಧಿಕಾರಿಗಳು ಎದುರಿಗೆ ಕೂತವನ ಫೈಲು ಬಿಚ್ಚಿಯೂ ನೋಡಿರುವುದಿಲ್ಲ, ಅಲ್ವಾ?

ಅಂಗಡಿ ಮುಚ್ಚಿತು. ಬಾಡಿಗೆ ಏರಿತು, ತಡೆಯಲು ಆಗಲಿಲ್ಲ. ಆದರೆ ಅವನು ಈಗ ಒಂದು ಕಾಲೇಜಿನ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಸೈಕಲ್ ರಿಪೇರಿ ಕಲಿಸುತ್ತಾನೆ. ಕೆಲಸದ ಸಂದರ್ಶನದಲ್ಲಿ ಧೈರ್ಯವಾಗಿ ಮಾತಾಡಿದೆ ಅಂತ ಫೋನ್ ಮಾಡಿ ಹೇಳಿದ. ಅದರಲ್ಲಿ ಯುವರಾಜರ ಪಾಲು ಎಷ್ಟು, ನನ್ನ ಪಾಲು ಎಷ್ಟು ಅಂತ ಭಾಗ ಮಾಡಲು ಬರುವುದಿಲ್ಲ. ಹೆಚ್ಚು ಪಾಲು ಅವನದೇ.

ಮಲ್ಲಿಗೆ ಬಳ್ಳಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಚಿನ್ನದ ಅವಾರ್ಡ್ ಆಗಿದೆ. ಬಕಿಂಗ್‌ಹ್ಯಾಮ್ ಅರಮನೆಯಿಂದ ಆಹ್ವಾನ ಬಂದಿದೆ. ಖುಷಿಯ ಜೊತೆ ಭಯ. ಅವಳ ಜೊತೆ ನಾನು ಹೋಗುತ್ತೇನೆ. ಸೀರೆ ಉಡಬಹುದಾ? ಬಗ್ಗಿ ನಮಸ್ಕಾರ ಮಾಡಲೇಬೇಕಾ? ಮಗಳು ನಾಚಿಕೆ ಸ್ವಭಾವದವಳು. ಏನು ಮಾತಾಡಬೇಕು ಅಂತ ಈಗಲೇ ನಿದ್ದೆಗೆಟ್ಟಿದ್ದಾಳೆ. ದಯವಿಟ್ಟು ಹೇಳಿ.

ಬೆಟ್ಟದ ದಾರಿ

ಅಭಿನಂದನೆ! ಮಗಳಿಗೂ ನಿಮಗೂ. ಸೀರೆ ಖಂಡಿತ ಉಡಿ. ನಾನೂ ಸೀರೆಯಲ್ಲೇ ಹೋಗಿದ್ದು. ಸಮಾರಂಭ ಹುಲ್ಲಿನ ಮೇಲೆ, ಆದ್ದರಿಂದ ಚೂಪು ಹಿಮ್ಮಡಿಯ ಚಪ್ಪಲಿ ಬೇಡ, ಹೂತುಹೋಗುತ್ತದೆ. ಮೇ ತಿಂಗಳಾದರೂ ಗಾಳಿ ಇರುತ್ತದೆ, ಸೆರಗಿಗೆ ಪಿನ್ ಗಟ್ಟಿಯಾಗಿ ಹಾಕಿ, ಮೇಲೆ ಬೆಚ್ಚನೆಯ ಶಾಲು ಇರಲಿ. ಗುರುತಿನ ಚೀಟಿ ಮರೆಯಬೇಡಿ. ಫೋಟೋ, ಚೀಲ ಇವುಗಳ ಬಗ್ಗೆ ಆಹ್ವಾನದ ಜೊತೆ ಬಂದ ಹಾಳೆಯಲ್ಲಿ ಇರುವುದನ್ನು ಹಾಗೇ ಪಾಲಿಸಿ. ತುಂಬ ಹೊತ್ತು ನಿಲ್ಲಬೇಕಾಗುತ್ತದೆ, ಹೊಟ್ಟೆಗೆ ತಿಂದು ಹೋಗಿ.

ಬಗ್ಗಿ ನಮಸ್ಕಾರ ಮಾಡಲೇಬೇಕು ಅಂತ ಕಡ್ಡಾಯ ಇಲ್ಲ. ಅರಮನೆಯವರೇ ಹಾಗೆ ಹೇಳುತ್ತಾರೆ. ಮಾಡಬೇಕು ಅನಿಸಿದರೆ ಮಾಡಿ, ಇಲ್ಲ ಕೈ ಕುಲುಕಿದರೆ ಸಾಕು. ಅವರು ಕೈ ಚಾಚುವವರೆಗೆ ಕಾಯಿರಿ. ಪ್ರಿನ್ಸ್ ಎಡ್ವರ್ಡ್ ಬಂದರೆ ಮೊದಲ ಸಲ ಯುವರ್ ರಾಯಲ್ ಹೈನೆಸ್, ಆಮೇಲೆ ಸರ್. ಮಹಿಳೆಯಾದರೆ ಆಮೇಲೆ ಮ್ಯಾಮ್.

ಮಗಳಿಗೆ ಭಾಷಣ ಬಾಯಿಪಾಠ ಮಾಡಿಸಬೇಡಿ. ಒಂದು ಸಣ್ಣ ಘಟನೆ ನೆನಪಿಟ್ಟುಕೊಳ್ಳಲಿ. ಅವಳ ಸೇವೆಯಲ್ಲೋ ನಡಿಗೆಯಲ್ಲೋ ನಡೆದ, ಅವಳಿಗೇ ಇಷ್ಟವಾದ ಒಂದು ವಿಷಯ. ಏನು ಕೇಳಿದರೂ ಅದರಿಂದ ಶುರು ಮಾಡಬಹುದು. ತುಂಬ ಒಳ್ಳೇ ಅನುಭವ ಅಂತ ಎಲ್ಲರೂ ಹೇಳುತ್ತಾರೆ, ಅದಕ್ಕೆ ಮುಂದಿನ ಪ್ರಶ್ನೆ ಹುಟ್ಟುವುದಿಲ್ಲ. ಡೇರೆಯ ಕಂಬ ಮುರಿದಾಗ ಏನು ಮಾಡಿದೆವು ಅಂತ ಹೇಳಿದರೆ ಮಾತು ತಾನೇ ಬೆಳೆಯುತ್ತದೆ.

ಒದ್ದೆ ಬೂಟು

ಇನ್ನೊಂದು ಸೇರಿಸುತ್ತೇನೆ. ಜನ ಜಾಸ್ತಿ ಇರುತ್ತಾರೆ. ರಾಜಮನೆತನದವರು ಅವಳ ಜೊತೆಯೇ ಮಾತಾಡುತ್ತಾರೆ ಅಂತ ಖಾತ್ರಿ ಇಲ್ಲ. ಪಕ್ಕದವರ ಜೊತೆ ಮಾತಾಡಿ ಮುಂದೆ ಹೋಗಬಹುದು. ಹಾಗಾದರೆ ಬೇಜಾರು ಆಗಬಾರದು, ಮೊದಲೇ ಹೇಳಿಡಿ. ನನ್ನ ತಂಡದ ಗೆಳತಿಗೆ ಹಾಗಾಯಿತು. ದಾರಿಯುದ್ದಕ್ಕೂ ಅವಳು ಸಪ್ಪಗಿದ್ದಳು. ಪ್ರಮಾಣಪತ್ರ ಅವಳದ್ದೂ ನನ್ನದೂ ಒಂದೇ.

ಹೊಸ ಗಾಳಿ

ನಾನು ಇಲ್ಲೇ ಹುಟ್ಟಿ ಬೆಳೆದವಳು, ಯೂನಿವರ್ಸಿಟಿಯಲ್ಲಿ ಓದುತ್ತಿದ್ದೇನೆ. ಬೆಳ್ಳಿ ಹಂತದವರೆಗೆ ಮಾಡಿ ಬಿಟ್ಟೆ. ಹಿರಿಯರ ಬಗ್ಗೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ. ಹುಟ್ಟಿನಿಂದ ದೊಡ್ಡವರಾದ ಒಂದು ಕುಟುಂಬದವರು ಬಂದು ಬೆನ್ನು ತಟ್ಟಿದರೆ ಮಾತ್ರ ನಮ್ಮ ಕೆಲಸಕ್ಕೆ ಬೆಲೆಯಾ? ನನ್ನ ತರಗತಿಯಲ್ಲಿ ಬೂಟು, ರಕ್‌ಸ್ಯಾಕ್, ಮಳೆ ಕೋಟು ಕೊಳ್ಳಲು ಆಗದೆ ಹಿಂದೆ ಸರಿದವರಿದ್ದರು. ಅವರು ಯಾವ ಅರಮನೆಯನ್ನೂ ನೋಡಲಿಲ್ಲ. ಯುವಜನರ ಕ್ಲಬ್ಬುಗಳು ಊರೂರಲ್ಲಿ ಮುಚ್ಚಿಹೋದವು. ಆ ದುಡ್ಡು ಎಲ್ಲಿಂದ ಬರಬೇಕು ಅಂತ ಯಾರು ಕೇಳುತ್ತಾರೆ?

ರಾತ್ರಿಪಾಳಿ

ಮಗಳೇ, ನಿನ್ನ ಪ್ರಶ್ನೆ ಕೇಳಬೇಕಾದ್ದೇ. ರಾಜರು ಇರಬೇಕೋ ಬೇಡವೋ ಅನ್ನುವುದು ಈ ದೇಶದ ಜನ ತೀರ್ಮಾನಿಸುವ ವಿಷಯ. ನನಗೂ ಅದರಲ್ಲಿ ಎರಡು ಮನಸ್ಸಿದೆ. ಹಾಸ್ಟೆಲು ನಡೆಯುವುದು ಸರ್ಕಾರದ ಹಣ, ಜನರ ದೇಣಿಗೆ, ಪಾಳಿಯಲ್ಲಿ ದುಡಿಯುವವರ ಬೆವರು, ಇವುಗಳಿಂದ. ಯಾವ ರಾಜಕುಮಾರಿಯೂ ಆ ಹುಡುಗನಿಗೆ ಮನೆ ಹುಡುಕಿಕೊಡಲಿಲ್ಲ. ಹುಡುಕಿದ್ದು ನಮ್ಮ ಜೊತೆಗಿದ್ದ ಒಬ್ಬ ಸಮಾಜ ಕಾರ್ಯಕರ್ತೆ, ಆರು ಕಚೇರಿ ಅಲೆದು. ಆದರೂ ಆ ಸಂಜೆ ಅವನು ಮಾತಾಡಿದ್ದು ಸುಳ್ಳಲ್ಲ. ಎರಡನ್ನೂ ಹೇಳಬೇಕು ಅಂತಲೇ ನಾನು ಬರೆದದ್ದು.

ಬೆಟ್ಟದ ದಾರಿ

ಬೂಟಿನ ವಿಷಯ ನನಗೆ ತುಂಬ ಹತ್ತಿರದ್ದು. ನಮ್ಮ ಶಾಲೆಯಲ್ಲಿ ಒಂದು ಕಪಾಟು ಇದೆ. ದೊಡ್ಡವರಾಗಿ ಹೋದ ಮಕ್ಕಳು ಬೂಟು, ಕೋಟು, ರಕ್‌ಸ್ಯಾಕ್, ಸ್ಲೀಪಿಂಗ್ ಬ್ಯಾಗ್ ಬಿಟ್ಟುಹೋಗುತ್ತಾರೆ. ತೊಳೆದು, ಮೇಣ ಹಚ್ಚಿ, ಅಳತೆ ಬರೆದು ಇಡುತ್ತೇವೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಕಾರಣ ಕೇಳುವುದಿಲ್ಲ. ಉಳ್ಳವರ ಮಕ್ಕಳೂ ಅದರಿಂದಲೇ ತೆಗೆಯಲಿ ಅಂತ ಹೇಳುತ್ತೇವೆ, ಆಗ ಇಲ್ಲದವರಿಗೆ ಸಂಕೋಚ ಆಗುವುದಿಲ್ಲ. ಪ್ರತಿ ಶಾಲೆಯಲ್ಲೂ ಇದು ಇರಬೇಕು. ಇಲ್ಲದಿದ್ದರೆ ಹೊಸ ಗಾಳಿ ಹೇಳಿದ ಹಾಗೇ ಆಗುತ್ತದೆ, ಉಳ್ಳವರ ಮನೆಗೇ ಚಿನ್ನದ ಅವಾರ್ಡ್ ಹೋಗುತ್ತದೆ.

ಲೆಕ್ಕಪತ್ರ

ಎಲ್ಲರೂ ಬರೆದದ್ದನ್ನು ಓದಿದೆ. ನನ್ನ ಅಂಕಿಅಂಶದ ಮಾತಿಗೆ ನಾನು ಈಗಲೂ ನಿಂತಿದ್ದೇನೆ. ಆದರೆ ಚೀಟಿ ಬರೆಯಲು ಅರ್ಧ ಗಂಟೆ ಫೋನ್ ಮಾಡಿದ ವಿಷಯ ನನಗೆ ಹೊಸದು. ನಮ್ಮಲ್ಲಿ ಆ ಚೀಟಿಯನ್ನು ನಾವು ಟ್ರಸ್ಟಿಗಳೇ ಕೂತು ಬರೆದೆವು. ಮಕ್ಕಳನ್ನು ಕೇಳಿರಲಿಲ್ಲ.

2024ರಲ್ಲಿ ರಾಜ ಚಾರ್ಲ್ಸ್ ಕಡೆಯವರು ಸಾವಿರಕ್ಕೂ ಹೆಚ್ಚು ಸಂಸ್ಥೆಗಳ ಪಟ್ಟಿ ಪರಿಶೀಲಿಸಿ ಸುಮಾರು 200ನ್ನು ಕೈಬಿಟ್ಟರು. ನನ್ನ ಪ್ರಕಾರ ಅದು ಒಳ್ಳೆಯದೇ. ಕಡಿಮೆ ಸಂಸ್ಥೆ, ಹೆಚ್ಚು ಸಮಯ. ಒಂದು ಗೊತ್ತಾದ ಅವಧಿಗೆ ಮಾತ್ರ ಮಹಾಪೋಷಕರಾಗಲಿ. ಐದು ವರ್ಷ ಅಂತ ಇರಲಿ. ಅದರಲ್ಲಿ ಇಷ್ಟು ಸಲ ಬರುತ್ತೇವೆ ಅಂತ ಒಪ್ಪಿಕೊಳ್ಳಲಿ. ಬಂದಾಗ ಯಾರನ್ನು ಭೇಟಿ ಮಾಡಿಸಬೇಕು ಅಂತ ಮಕ್ಕಳೇ ತೀರ್ಮಾನಿಸಲಿ. ಗಲಾಟೆ ಮಾಡುವವರೂ ಕೋಣೆಯಲ್ಲಿ ಇರಲಿ. ಇಷ್ಟಾದರೆ ನನ್ನ ತಕರಾರು ಬಹಳ ಕಡಿಮೆ ಆಗುತ್ತದೆ.

ಸೈಕಲ್ ಚಕ್ರ

ಸರ್, ಕೊನೆಯ ಎರಡು ಮಾತಿಗೆ ನನ್ನ ಪೂರ್ತಿ ಬೆಂಬಲ. ಐದು ವರ್ಷದ ಮಾತು ಮಾತ್ರ ಒಪ್ಪಲಾರೆ. ಫಿಲಿಪ್ ಅವರು ಅರವತ್ತು ವರ್ಷ ಜೊತೆಗಿದ್ದದ್ದರಿಂದಲೇ ಡಿ-ಆಫ್-ಇ ಗಟ್ಟಿಯಾಗಿ ನಿಂತಿತು. ಬರುವವರು ಪದೇಪದೇ ಬರುತ್ತಿದ್ದರೆ ಅವಧಿ ಯಾಕೆ ಬೇಕು?

ಮಲ್ಲಿಗೆ ಬಳ್ಳಿ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮಗಳಿಗೆ ಎಲ್ಲವನ್ನೂ ಓದಿ ಹೇಳಿದೆ, ಅವಳಿಗೆ ಕನ್ನಡ ಓದಲು ನಿಧಾನ. ಎಸ್ಕ್ ಹಾಸ್ ಕಥೆಗೆ ಎದ್ದು ಕೂತಳು. ಅವಳು ಸೇವೆ ಮಾಡಿದ್ದು ಗ್ರಂಥಾಲಯದಲ್ಲಿ, ಚಿಕ್ಕ ಮಕ್ಕಳಿಗೆ ಕಥೆ ಓದಿ ಹೇಳುವುದು. ಅಲ್ಲಿ ಒಂದು ಮಗು ದಿನಾ ಅದೇ ಪುಸ್ತಕ ತಂದು ಕೊಡುತ್ತಿತ್ತಂತೆ. ಅದನ್ನೇ ಹೇಳುತ್ತೇನೆ ಅಂದಳು.

ಇನ್ನೊಂದು ಕೇಳಬೇಕಿತ್ತು. ಅವಳದ್ದು ಮುಗಿಯಿತು, ಈಗ ನನಗೇ ಇಂಥ ಕೆಲಸಕ್ಕೆ ಸೇರಬೇಕು ಅನಿಸುತ್ತಿದೆ. ಬೆಟ್ಟ ಹತ್ತಲು ನನಗೆ ಮಂಡಿ ನೋವು. ಏನಾದರೂ ಆಗುತ್ತದಾ?

ಬೆಟ್ಟದ ದಾರಿ

ಖಂಡಿತ ಆಗುತ್ತದೆ. ಬೆಟ್ಟ ಹತ್ತುವವರಿಗಿಂತ ಮಕ್ಕಳ ದಾಖಲೆ ನೋಡುವವರು, ಸಂಜೆ ಹ್ಯಾಂಡ್‌ಬುಕ್ ಹಿಡಿದು ಮಾರ್ಗದರ್ಶನ ಮಾಡುವವರು ಕಡಿಮೆ ಇದ್ದಾರೆ. ಅಡುಗೆ ಬರುತ್ತದಲ್ಲ? ಒಂದು ಕಲೆಯನ್ನು ಕಲಿಸುವವರೂ ಬೇಕು, ಅಡುಗೆಯನ್ನೂ ಆ ಲೆಕ್ಕಕ್ಕೆ ಹಿಡಿಯುತ್ತಾರೆ. ನಿಮ್ಮ ಹತ್ತಿರದ ಶಾಲೆಯಲ್ಲೋ ಯುವಜನರ ಕೇಂದ್ರದಲ್ಲೋ ಡಿ-ಆಫ್-ಇ ನೋಡಿಕೊಳ್ಳುವವರು ಯಾರು ಅಂತ ಕೇಳಿ. ಮಕ್ಕಳ ಜೊತೆ ಕೆಲಸ ಅಂದಮೇಲೆ ಡಿಬಿಎಸ್ ತಪಾಸಣೆ, ಅಂದರೆ ಹಿಂದೆ ಅಪರಾಧದ ದಾಖಲೆ ಇದೆಯಾ ಅನ್ನುವ ತಪಾಸಣೆ, ಮಾಡುತ್ತಾರೆ, ಅದಕ್ಕೆ ಪಾಸ್‌ಪೋರ್ಟ್, ವಿಳಾಸದ ದಾಖಲೆ ಬೇಕು. ಆಮೇಲೆ ಚಿಕ್ಕ ತರಬೇತಿ. ಬೇಸಿಗೆ ರಜೆಗೆ ಮುಂಚೆಯೇ ಕೇಳಿಬಿಡಿ. ಹೊಸ ಮಕ್ಕಳು ಸೇರುವುದು ಸೆಪ್ಟೆಂಬರಿನಲ್ಲಿ, ಅಷ್ಟರಲ್ಲಿ ನಿಮ್ಮ ಕಾಗದಪತ್ರ ಸಿದ್ಧವಾಗಿರಲಿ.